ಒಮ್ಮೆ 37ಕ್ಕೆ, ಒಮ್ಮೆ 64ಕ್ಕೆ: ಹಳೆ ಸಿಸ್ಟಂಗೆ ಓಎಸ್ ಹಾಕುವಾಗ ಎಲ್ಲಿ ತಪ್ಪುತ್ತದೆ?

ಪ್ರಶ್ನೆ: ಸರ್, ನಮ್ಮ ಅಂಗಡ್ಯಾಗ 2010ರಾಗ ತಗೊಂಡ ಸಿಸ್ಟಂ ಅದ. ಕೋರ್ 2 ಡುಯೊ, ಜಿ41 ಬೋರ್ಡ್, 1 ಜಿಬಿದು ಎರಡು ಡಿಡಿಆರ್3 ರ‍್ಯಾಮ್, 320 ಜಿಬಿ ಹಾರ್ಡ್‌ಡಿಸ್ಕ್. ವಿಂಡೋಸ್ 7 ಇಷ್ಟು ದಿನ ಛಲೋ ನಡದಿತ್ತು. ಈಗ ವಿಂಡೋಸ್ 10 ಹಾಕ್ಲಿಕ್ಕೆ ಕುಂತ್ರ ಒಮ್ಮೆ 37 ಪರ್ಸೆಂಟಿಗೆ, ಒಮ್ಮೆ 64ಕ್ಕ ನಿಂತು 80070570 ಅಂತ ಎರರ್ ಬರ್ತದ. ಮೂರು ಪೆನ್‌ಡ್ರೈವ್ ಬದಲಿ ಮಾಡಿ ನೋಡೀನಿ. ಹಾರ್ಡ್‌ಡಿಸ್ಕ್ ಹೋಗ್ಯದ ಅಂತಾರ. ಹೊಸದು ತರಬೇಕೇನ್ರಿ?
– ಝೆರಾಕ್ಸ್ ಅಂಗಡಿಯವರು, ಕಲಬುರಗಿ

ಉತ್ತರ: ಈಗಲೇ ತರಬೇಡಿ. ಒಮ್ಮೆ 37, ಒಮ್ಮೆ 64 ಎಂದು ಬರೆದಿದ್ದೀರಲ್ಲ, ಸುಳಿವು ಅಲ್ಲೇ ಇದೆ. ಪೆನ್‌ಡ್ರೈವ್‌ನಲ್ಲಿರುವ ಫೈಲ್ ಕೆಟ್ಟಿದ್ದರೆ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ನಿಲ್ಲಬೇಕು. ನಿಲ್ಲುವ ಜಾಗ ಬದಲಾಗುತ್ತಿದೆ ಅಂದರೆ ಮೊದಲ ಅನುಮಾನ ರ‍್ಯಾಮ್ ಮೇಲೆ, ಆಮೇಲೆ ಹಾರ್ಡ್‌ಡಿಸ್ಕ್‌ನ ಕೇಬಲ್ ಮೇಲೆ, ಕೊನೆಗೆ ಹಾರ್ಡ್‌ಡಿಸ್ಕ್ ಮೇಲೆ.

ಹಾಗಾದರೆ ವಿಂಡೋಸ್ 7 ಹೇಗೆ ನಡೆಯುತ್ತಿತ್ತು? ಇನ್‌ಸ್ಟಾಲ್ ಆಗುವಾಗ ಹಲವು ಜಿಬಿ ಗಾತ್ರದ ಒತ್ತಿ ತುಂಬಿದ ಫೈಲನ್ನು ರ‍್ಯಾಮ್‌ನಲ್ಲಿ ಬಿಚ್ಚಿ, ತಾಳೆ ನೋಡಿ, ಡಿಸ್ಕಿಗೆ ಬರೆಯುತ್ತ ಹೋಗುತ್ತದೆ. ಒಂದು ಬಿಟ್ ಆಚೀಚೆ ಆದರೂ ತಾಳೆ ತಪ್ಪಿ, ಫೈಲ್ ಕೆಟ್ಟಿದೆ ಇಲ್ಲವೆ ಸಿಗುತ್ತಿಲ್ಲ ಎಂದು ನಿಂತುಬಿಡುತ್ತದೆ. ದಿನದ ಕೆಲಸದಲ್ಲಿ ಅದೇ ದೋಷ ಫೋಟೊದ ಒಂದು ಚುಕ್ಕೆಯಾಗಿಯೋ, ಎಂದೋ ಒಮ್ಮೆ ಹ್ಯಾಂಗ್ ಆಗಿಯೋ ಕಳೆದುಹೋಗಿರುತ್ತದೆ.

ಕೆಲಸ ಶುರು ಮಾಡುವ ಮುಂಚೆ ಐಎಸ್‌ಒ ಫೈಲನ್ನು (ಪೆನ್‌ಡ್ರೈವ್‌ಗೆ ಹಾಕುವ ವಿಂಡೋಸ್‌ನ ಮೂಲ ಪ್ರತಿ) ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಮೂರೂ ಪೆನ್‌ಡ್ರೈವ್‌ಗೆ ಒಂದೇ ಫೈಲ್ ಹಾಕಿದ್ದರೆ ಪೆನ್‌ಡ್ರೈವ್ ಬದಲಿಸಿ ಉಪಯೋಗವಿಲ್ಲ. ಮೈಕ್ರೋಸಾಫ್ಟ್ ತಾಣದಿಂದಲೇ ಇಳಿಸಿಕೊಳ್ಳಿ. ಮಂದಿ ಕೈಯಿಂದ ಕೈಗೆ ದಾಟಿಸುವ 'ಆಕ್ಟಿವೇಟ್ ಆಗಿಯೇ ಬರುವ' ಪ್ರತಿಯಲ್ಲಿ ಯಾರು ಏನು ತುರುಕಿದ್ದಾರೆ ಎಂದು ತಿಳಿಯುವ ದಾರಿಯಿಲ್ಲ. ನಿಮ್ಮ ಅಂಗಡಿಗೆ ಜನ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ತಂದು ನಂಬಿ ಕೊಡುತ್ತಾರೆ. ಅಂಥ ಸಿಸ್ಟಂಗೆ ಆ ಪ್ರತಿ ಹಾಕಲೇಬಾರದು.

ಈಗ ರ‍್ಯಾಮ್. ಸಿಸ್ಟಂ ಆಫ್ ಮಾಡಿ, ಹಿಂದಿನ ಪವರ್ ವೈರ್ ಕಿತ್ತು, ಪವರ್ ಬಟನ್ನನ್ನು 10 ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಇಳಿಯುತ್ತದೆ. ಕ್ಯಾಬಿನೆಟ್‌ನ ಬರಿ ಲೋಹ ಮುಟ್ಟಿ ಆಮೇಲೆ ರ‍್ಯಾಮ್ ಮುಟ್ಟಿ. ಎರಡನ್ನೂ ಹೊರಗೆ ತೆಗೆದು ಚಿನ್ನದ ಬಣ್ಣದ ಹಲ್ಲುಗಳನ್ನು ಮಕ್ಕಳ ಬಿಳಿ ರಬ್ಬರಿನಿಂದ ಹಗುರಾಗಿ ಉಜ್ಜಿ. ರಬ್ಬರಿನ ಪುಡಿ ಒಂದು ಕಣವೂ ಉಳಿಯದ ಹಾಗೆ ಒರೆಸಿ, ಸ್ಲಾಟನ್ನು ಒಣ ಪೇಂಟ್ ಬ್ರಶ್‌ನಿಂದ ಝಾಡಿಸಿ. ನೀರು, ಸ್ಯಾನಿಟೈಸರ್ ಬೇಡ. ಈಗ ಒಂದೇ ರ‍್ಯಾಮ್ ಕೂರಿಸಿ. ಎರಡೂ ಬದಿಯ ಕೊಂಡಿ 'ಟಕ್' ಎನ್ನಬೇಕು.

ಆಮೇಲೆ ಮೆಮ್‌ಟೆಸ್ಟ್86 ಪ್ಲಸ್ ಎಂಬ ಉಚಿತ ಸಾಧನವನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದ ಬೂಟ್ ಮಾಡಿ. ಒಂದು ಪೂರ್ತಿ ಪಾಸ್ ಮುಗಿಯಲು ಇಷ್ಟು ಹಳೆ ಸಿಸ್ಟಂನಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿದೀತು. ಮಧ್ಯೆ ಕೈಹಾಕಬೇಡಿ. ಕೆಂಪು ಸಾಲು ಒಂದೇ ಬಂದರೂ ಫೇಲು. 'ಎರಡೇ ಎರರ್ ಅದ, ನಡೀತದ' ಎನ್ನುವ ಹಾಗಿಲ್ಲ. ಆದರೆ ಎಸೆಯುವ ಮುಂಚೆ ಅದೇ ರ‍್ಯಾಮನ್ನು ಇನ್ನೊಂದು ಸ್ಲಾಟಿಗೆ ಹಾಕಿ ನೋಡಿ. ಅಲ್ಲಿ ಪಾಸಾದರೆ ಕೆಟ್ಟಿರುವುದು ಸ್ಲಾಟು. ಎರಡನೇ ರ‍್ಯಾಮಿಗೂ ಇದೇ ಪರೀಕ್ಷೆ.

ಹೊಸ ರ‍್ಯಾಮ್ ತರುವುದಾದರೆ ಒಂದು ಮಾತು. ಇದನ್ನು ತಿಳಿಯದೆ ದುಡ್ಡು ಕಳೆದುಕೊಳ್ಳುವವರು ಬಹಳ. ಜಿ41 ಬೋರ್ಡ್ ಒಟ್ಟು 8 ಜಿಬಿವರೆಗೆ ತಗೊಳ್ಳುತ್ತದೆ, ಆದರೆ 4 ಜಿಬಿ ರ‍್ಯಾಮಿನ ಮೇಲೆ 16 ಚಿಪ್ ಇರಬೇಕು: ಎರಡೂ ಮುಖದಲ್ಲಿ ಎಂಟೆಂಟು. ಇತ್ತೀಚಿನ 4 ಜಿಬಿ ರ‍್ಯಾಮ್‌ಗಳಲ್ಲಿ 8 ಚಿಪ್ ಮಾತ್ರ ಇರುತ್ತವೆ. ಒಂದೊಂದು ಚಿಪ್‌ನ ಸಾಂದ್ರತೆ ಇಮ್ಮಡಿ ಇರುವುದರಿಂದ ಈ ಚಿಪ್‌ಸೆಟ್ ಅದನ್ನು ಸರಿಯಾಗಿ ಓದಲಾರದು. ಬೀಪ್ ಹೊಡೆಯುತ್ತದೆ, ಇಲ್ಲವೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಅಂಗಡಿಯಲ್ಲೇ ಕೈಗೆ ತಗೊಂಡು ಚಿಪ್ ಎಣಿಸಿ, ಹೊಂದದಿದ್ದರೆ ವಾಪಸ್ ಎಂದು ಮೊದಲೇ ಮಾತಾಡಿಕೊಳ್ಳಿ.

ರ‍್ಯಾಮ್ ಪಾಸಾದರೆ ಡಿಸ್ಕ್ ನೋಡಿ. ಇನ್ನೊಂದು ಸಿಸ್ಟಂಗೆ ಜೋಡಿಸಿ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಸಾಧನ ತೆರೆದರೆ ಸ್ಮಾರ್ಟ್ ಪಟ್ಟಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ, ಬರುತ್ತದೆ. ನಾಲ್ಕು ಸಾಲು ಸಾಕು. 05 ಎಂದರೆ ಕೆಟ್ಟು ಬದಲಿ ಜಾಗಕ್ಕೆ ಸರಿಸಿದ ಸೆಕ್ಟರ್‌ಗಳು. ಸಿ5 ಎಂದರೆ ಓದಲು ತಡವರಿಸುತ್ತಿರುವ ಸೆಕ್ಟರ್‌ಗಳು. ಸಿ6 ಎಂದರೆ ಸರಿಪಡಿಸಲಾಗದವು. ಸಿ7 ಎಂದರೆ ಬೋರ್ಡಿಗೂ ಡಿಸ್ಕಿಗೂ ನಡುವೆ ಮಾಹಿತಿ ಕೆಟ್ಟ ಲೆಕ್ಕ. ಮೊದಲ ಮೂರೂ ಸೊನ್ನೆಯಿದ್ದು ಸಿ7 ಮಾತ್ರ ಏರುತ್ತಿದ್ದರೆ ಡಿಸ್ಕ್ ಗಟ್ಟಿಯಿದೆ, ಸಾಟಾ ಕೇಬಲ್ ಬದಲಿಸಿ. ಹಳೇ ಕೇಬಲ್‌ನ ತುದಿ ಸಡಿಲಾಗಿ, ಮುಟ್ಟಿದರೆ ಅಲ್ಲಾಡುತ್ತಿರುತ್ತದೆ. ಸಿ7ರ ಹಳೇ ಲೆಕ್ಕ ಮತ್ತೆ ಸೊನ್ನೆಗೆ ಇಳಿಯುವುದಿಲ್ಲ, ಮುಂದೆ ಏರದಿದ್ದರೆ ಸಾಕು. ಸಿ5 ಏರುತ್ತಿದ್ದರೆ ಇನ್‌ಸ್ಟಾಲ್ ಯೋಚನೆ ಬಿಟ್ಟು, ಡಿ ಡ್ರೈವ್‌ನಲ್ಲಿರುವ ನುಡಿ ಮತ್ತು ಪೇಜ್‌ಮೇಕರ್ ಫೈಲುಗಳನ್ನು ಆವತ್ತೇ ಬೇರೆಡೆ ಇಳಿಸಿಕೊಳ್ಳಿ.

ಡಿಸ್ಕ್ ಹೋಗಿದೆ ಎಂದೇ ಆದರೆ 240 ಅಥವಾ 256 ಜಿಬಿಯ ಸಾಟಾ ಎಸ್‌ಎಸ್‌ಡಿ ತನ್ನಿ. ಈ ಬೋರ್ಡಿನ ಸಾಟಾ ಸೆಕೆಂಡಿಗೆ 3 ಗಿಗಾಬಿಟ್‌ಗಿಂತ ಮೇಲೆ ಹೋಗುವುದಿಲ್ಲ, ಆದರೂ ಹಳೇ ಹಾರ್ಡ್‌ಡಿಸ್ಕ್ ಮುಂದೆ ವೇಗದ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ನಾಳೆ ಸಿಸ್ಟಂ ಬದಲಿಸಿದರೂ ಎಸ್‌ಎಸ್‌ಡಿ ಜೊತೆಗೆ ಬರುತ್ತದೆ.

ನೀವು ಕೇಳದ ಒಂದು ಮಾತನ್ನೂ ಹೇಳಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಸರು ನೋಂದಾಯಿಸಿದ ಮನೆಬಳಕೆಯ ಸಿಸ್ಟಂಗಳಿಗೆ ಭದ್ರತೆಯ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ. ವಿಂಡೋಸ್ 11ರ 24ಎಚ್2 ಆವೃತ್ತಿ ಕೋರ್ 2 ಡುಯೊದಲ್ಲಿ ಏಳುವುದೇ ಇಲ್ಲ. ಅದು ಕೇಳುವ ಪಾಪ್‌ಕೌಂಟ್, ಎಸ್‌ಎಸ್‌ಇ 4.2 ಎಂಬ ಆದೇಶಗಳು ಈ ಪ್ರೊಸೆಸರ್‌ನಲ್ಲಿ ಇಲ್ಲ, ಯಾವ ಬೈಪಾಸೂ ಅವನ್ನು ತಂದುಕೊಡದು. ಡಿಟಿಪಿ ಕೆಲಸಕ್ಕೆ ವಿಂಡೋಸ್ ಬೇಕೇಬೇಕಿದ್ದರೆ ಈ ಸಿಸ್ಟಂ ಅನ್ನು ನೆಟ್‌ನಿಂದ ಬಿಡಿಸಿ ಅದಕ್ಕೇ ಮೀಸಲಿಡಿ. ಸೇವಾ ಸಿಂಧು, ಬ್ಯಾಂಕು ಇಂಥ ಆನ್‌ಲೈನ್ ಕೆಲಸ ಬೇರೆ ಸಿಸ್ಟಂನಲ್ಲಿರಲಿ.

ಪ್ರಶ್ನೆ: ಎಚ್61 ಬೋರ್ಡ್, ಎರಡನೇ ತಲೆಮಾರಿನ ಐ3. ಹಳೇ ಲ್ಯಾಪ್‌ಟಾಪ್‌ನಿಂದ ತೆಗೆದ 500 ಜಿಬಿ ಡಿಸ್ಕ್ ಹಾಕಿದ್ದೇವೆ. ಮೊದಲು ಪೆನ್‌ಡ್ರೈವ್ ಕಾಣಲಿಲ್ಲ. ಬಯಾಸ್‌ನಲ್ಲಿ ಅದನ್ನು ಮೇಲೆ ತಂದ ಮೇಲೆ ಸೆಟಪ್ ಬಂತು, ಆದರೆ ಡಿಸ್ಕ್ ಜಿಪಿಟಿ ಇದೆ, ಇನ್‌ಸ್ಟಾಲ್ ಆಗದು ಎನ್ನುತ್ತದೆ. ಇನ್ನೊಂದು ಡಿಸ್ಕ್ ಹಾಕಿದರೆ ಹೊಸ ಪಾರ್ಟಿಷನ್ ಮಾಡಲಾಗಲಿಲ್ಲ ಎನ್ನುತ್ತದೆ.
– ಓದುಗರು, ಹುಮನಾಬಾದ್

ಉತ್ತರ: ಎರಡು ಎರರ್, ಎರಡು ಬೇರೆ ಕಾರಣ.

ಹಳೇ ಬಯಾಸ್ (ಸಿಸ್ಟಂ ಆನ್ ಆದೊಡನೆ ಮೊದಲು ಏಳುವ, ಬೋರ್ಡಿನೊಳಗಿನ ತಂತ್ರಾಂಶ) ಪೆನ್‌ಡ್ರೈವ್ ಅನ್ನು ಹಾರ್ಡ್‌ಡಿಸ್ಕ್ ಎಂದೇ ಲೆಕ್ಕ ಹಿಡಿಯುತ್ತದೆ. ಹಾರ್ಡ್‌ಡಿಸ್ಕ್ ಪಟ್ಟಿಯ ಒಳಗೆ ಅದನ್ನು ಮೇಲೆ ತಂದಿರಿ, ಸರಿ. ಆದರೆ ಆಗ ಪೆನ್‌ಡ್ರೈವ್ ಡಿಸ್ಕ್ 0 ಆಗಿ, ನಿಜವಾದ ಡಿಸ್ಕ್ 1 ಆಗುತ್ತದೆ. ಬೂಟ್ ಫೈಲುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಸೆಟಪ್ ಪಾರ್ಟಿಷನ್ ಆಗಲಿಲ್ಲ ಎನ್ನುತ್ತದೆ. ಪಟ್ಟಿಯಲ್ಲಿ ಹಾರ್ಡ್‌ಡಿಸ್ಕನ್ನೇ ಮೇಲೆ ಬಿಡಿ. ಸಿಸ್ಟಂ ಆನ್ ಮಾಡುವ ಮುಂಚೆಯೇ ಪೆನ್‌ಡ್ರೈವ್ ಅನ್ನು ಹಿಂಬದಿಯ ಯುಎಸ್‌ಬಿ 2.0 ಪೋರ್ಟಿಗೆ ಚುಚ್ಚಿ, ಆ ಒಂದು ಸಲಕ್ಕೆ ಮಾತ್ರ ಬೂಟ್ ಮೆನುವಿನಿಂದ ಆರಿಸಿ. ಗಿಗಾಬೈಟ್, ಡೆಲ್, ಲೆನೊವೊದಲ್ಲಿ ಎಫ್12; ಇಂಟೆಲ್ ಬೋರ್ಡಿನಲ್ಲಿ ಎಫ್10; ಏಸಸ್‌ನಲ್ಲಿ ಎಫ್8; ಎಂಎಸ್‌ಐನಲ್ಲಿ ಎಫ್11; ಎಚ್‌ಪಿಯಲ್ಲಿ ಎಫ್9. ಮೊದಲ ರೀಸ್ಟಾರ್ಟ್ ನಂತರ ಸೆಟಪ್ ಮತ್ತೆ ಮೊದಲಿಂದ ಶುರುವಾಗುವ ಕಾಟವೂ ಇದರಿಂದ ತಪ್ಪುತ್ತದೆ.

ಇನ್ನು ಜಿಪಿಟಿ. ಡಿಸ್ಕನ್ನು ಹಂಚುವ ಲೆಕ್ಕ ಎರಡು ಬಗೆ: ಹೊಸದು ಜಿಪಿಟಿ, ಹಳೆಯದು ಎಂಬಿಆರ್. ಬಯಾಸ್‌ನ ಹೊಸ ರೂಪವೇ ಯುಇಎಫ್‌ಐ. ಪೆನ್‌ಡ್ರೈವ್ ಹಳೇ ಬಯಾಸ್ ರೀತಿಯಲ್ಲಿ ಎದ್ದಿದೆ, ಲ್ಯಾಪ್‌ಟಾಪ್‌ನ ಡಿಸ್ಕ್ ಯುಇಎಫ್‌ಐ ರೀತಿಯಲ್ಲಿ ಹಂಚಿಕೆಯಾಗಿದೆ. ಬೂಟ್ ಮೆನುವನ್ನು ಸರಿಯಾಗಿ ನೋಡಿ. ಕೆಲವು ಎಚ್61 ಬೋರ್ಡ್‌ಗಳಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣುತ್ತದೆ, ಒಂದರ ಹಿಂದೆ ಯುಇಎಫ್‌ಐ ಎಂದಿರುತ್ತದೆ. ಅದನ್ನು ಆರಿಸಿದರೆ ಡಿಸ್ಕ್ ಮುಟ್ಟದೆಯೇ ಎರರ್ ಹೋಗುತ್ತದೆ. ಆ ಸಾಲು ಇಲ್ಲದಿದ್ದರೆ ಮಾತ್ರ ಡಿಸ್ಕನ್ನು ಎಂಬಿಆರ್‌ಗೆ ತಿರುಗಿಸಬೇಕು. ಸೆಟಪ್ ಪರದೆಯಲ್ಲಿ ಶಿಫ್ಟ್ ಹಿಡಿದು ಎಫ್10 ಒತ್ತಿದರೆ ಕಪ್ಪು ಕಿಟಕಿ ತೆರೆಯುತ್ತದೆ. ಡಿಸ್ಕ್‌ಪಾರ್ಟ್, ಲಿಸ್ಟ್ ಡಿಸ್ಕ್, ಸೆಲೆಕ್ಟ್ ಡಿಸ್ಕ್ 0, ಕ್ಲೀನ್, ಕನ್ವರ್ಟ್ ಎಂಬಿಆರ್: ಇದೇ ಕ್ರಮದಲ್ಲಿ ಒಂದೊಂದೇ ಆದೇಶ ಕೊಟ್ಟು ಎಂಟರ್ ಒತ್ತಿ. ಲಿಸ್ಟ್ ಡಿಸ್ಕ್ ಕೊಟ್ಟಾಗ ಬರುವ ಗಾತ್ರವನ್ನು ಎರಡು ಸಲ ಓದಿ, 500 ಜಿಬಿ ಡಿಸ್ಕ್ 465 ಜಿಬಿ ಎಂದು ಕಾಣುತ್ತದೆ. ಅದಕ್ಕೆ ಬೇರೆ ಸಂಖ್ಯೆ ಇದ್ದರೆ 0 ಬದಲು ಆ ಸಂಖ್ಯೆ ಕೊಡಿ. ಕ್ಲೀನ್ ಎಂಬ ಆದೇಶ ಸಿ ಡ್ರೈವ್ ಒಂದನ್ನೇ ಅಳಿಸುವುದಿಲ್ಲ, ಇಡೀ ಡಿಸ್ಕನ್ನು ಅಳಿಸುತ್ತದೆ, 'ಖಾತ್ರಿಯೇ?' ಎಂದೂ ಕೇಳುವುದಿಲ್ಲ.

ಇನ್ನೊಂದು: ಇದೆಲ್ಲಕ್ಕಿಂತ ಮುಂಚೆ ಬೋರ್ಡಿನ ಸಿಆರ್2032 ಸೆಲ್ ಬದಲಿಸಿ, ಬಯಾಸ್‌ನಲ್ಲಿ ಸಾಟಾ ಮೋಡನ್ನು (ಬೋರ್ಡ್ ಡಿಸ್ಕಿನ ಜೊತೆ ಮಾತಾಡುವ ರೀತಿ) ಎಎಚ್‌ಸಿಐ ಮಾಡಿ, ಸೇವ್ ಮಾಡಿ. ಕ್ರಮ ತಪ್ಪಿಸಬೇಡಿ. ಎಎಚ್‌ಸಿಐನಲ್ಲಿ ವಿಂಡೋಸ್ ಹಾಕಿದ ಮೇಲೆ ಸೆಲ್ ಸತ್ತರೆ, ಕರೆಂಟ್ ಹೋಗಿಬಂದ ದಿನ ಬಯಾಸ್ ಮರೆವು ಬಂದು ಹಳೇ ಐಡಿಇ ರೀತಿಗೆ ಮರಳಬಹುದು. ಆಗ ಬೂಟ್ ಡಿಸ್ಕ್ ಸಿಗುತ್ತಿಲ್ಲವೆಂದು ನೀಲಿ ಪರದೆ ಬರುತ್ತದೆ. ವಿಂಡೋಸ್ ಕೆಟ್ಟಿತು ಎಂದು ಫಾರ್ಮ್ಯಾಟ್ ಹೊಡೆಸುತ್ತಾರೆ. ಬೇಕಾಗಿದ್ದದ್ದು ಒಂದು ಸೆಲ್ ಮಾತ್ರ.

ಪ್ರಶ್ನೆ: ನಮ್ಮ ಶಾಲೆಗೆ ದಾನ ಬಂದ ಸಿಸ್ಟಂಗೆ ಲಿನಕ್ಸ್ ಮಿಂಟ್ ಹಾಕಬೇಕೆಂದಿದ್ದೇವೆ. ಲೋಗೊ ಬಂದ ಮೇಲೆ ಪರದೆ ಕಪ್ಪಾಗುತ್ತದೆ. ಜಿಫೋರ್ಸ್ 210 ಕಾರ್ಡ್ ಇದೆ. ಪ್ರತಿ ಸಲ ಆನ್ ಮಾಡಿದಾಗ ಎಫ್1 ಒತ್ತು ಎನ್ನುತ್ತದೆ. ಮಕ್ಕಳು ಕನ್ನಡ ಟೈಪ್ ಮಾಡಬಹುದೇ?
– ಶಿಕ್ಷಕಿ, ಶಹಾಪುರ ತಾಲ್ಲೂಕು

ಉತ್ತರ: ಮೇಡಂ, ಎಫ್1 ಕೇಳುತ್ತಿರುವುದು ಬಹುಮಟ್ಟಿಗೆ ಬೋರ್ಡಿನ ಸಿಆರ್2032 ಸೆಲ್ ಸತ್ತಿರುವುದಕ್ಕೆ. ಮಲ್ಟಿಮೀಟರಿನಲ್ಲಿ 2.8 ವೋಲ್ಟ್‌ಗಿಂತ ಕೆಳಗಿದ್ದರೆ ಬದಲಿಸಿ, ಪ್ಲಸ್ ಗುರುತು ಮೇಲೆ ಬರಲಿ. ತಾರೀಖು, ಸಮಯ ಸರಿಮಾಡಿ. ಇದು ಸಣ್ಣ ವಿಷಯವಲ್ಲ: ಗಡಿಯಾರ 2009ರಲ್ಲಿ ನಿಂತಿದ್ದರೆ ಬ್ರೌಸರ್ ಯಾವ ತಾಣವನ್ನೂ ನಂಬುವುದಿಲ್ಲ, ಲಿನಕ್ಸ್‌ನ ಅಪ್‌ಡೇಟ್ ಕೂಡ ಮುಂದಿನ ತಾರೀಖಿನದು ಎಂದು ನಿರಾಕರಿಸಬಹುದು.

ಪರದೆ ಕಪ್ಪಾಗಲು ಹಳೇ ಎನ್‌ವಿಡಿಯಾ ಕಾರ್ಡ್ ಕಾರಣ ಇದ್ದೀತು. ಅದಕ್ಕೆ ಎನ್‌ವಿಡಿಯಾದ ಚಾಲಕ ತಂತ್ರಾಂಶ ಈಗಿನ ಮಿಂಟ್‌ನಲ್ಲಿ ಬರುವುದಿಲ್ಲ. ಬೋರ್ಡಿನಲ್ಲೇ ವಿಜಿಎ ಪೋರ್ಟ್ ಇದ್ದರೆ ಕಾರ್ಡ್ ಕಿತ್ತು ಅದಕ್ಕೇ ಮಾನಿಟರ್ ಜೋಡಿಸಿ; ಶಾಲೆಯ ಕೆಲಸಕ್ಕೆ ಏನೂ ಕಡಿಮೆಯಾಗದು. ಪೋರ್ಟ್ ಇಲ್ಲದಿದ್ದರೆ ಮಿಂಟ್‌ನ ಬೂಟ್ ಮೆನುವಿನಲ್ಲಿ ಕಂಪ್ಯಾಟಿಬಿಲಿಟಿ ಮೋಡ್ ಆರಿಸಿ. 4 ಜಿಬಿ ರ‍್ಯಾಮ್ ಇದ್ದರೆ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ.

ಕನ್ನಡ ಖಂಡಿತ ಆಗುತ್ತದೆ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಲೇಔಟ್ ಸೇರಿಸುವಾಗ ಕನ್ನಡ ಕಗಪ ಫೊನೆಟಿಕ್ ಎಂಬುದನ್ನು ಆರಿಸಿ. ನುಡಿಯ ವಿನ್ಯಾಸಕ್ಕೆ ಹತ್ತಿರವಾಗಿರುವುದರಿಂದ ಕೈಗೆ ರೂಢಿ ತಪ್ಪುವುದಿಲ್ಲ. ಆದರೆ ಹಳೇ ನುಡಿ ಅಕ್ಷರಗಳಲ್ಲಿ ಟೈಪಿಸಿದ ಪ್ರಶ್ನೆಪತ್ರಿಕೆಗಳು ಇಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ವಿಂಡೋಸ್ ಅಳಿಸುವ ಮುಂಚೆಯೇ ನುಡಿಯಲ್ಲಿರುವ ಪರಿವರ್ತಕದಿಂದ ಅವನ್ನು ಯೂನಿಕೋಡ್‌ಗೆ ತಿರುಗಿಸಿಟ್ಟುಕೊಳ್ಳಿ.

ಪ್ರಶ್ನೆ: ಇನ್‌ಸ್ಟಾಲ್ ನಡುವೆ ಸಿಸ್ಟಂ ತಾನೇ ಬಂದ್ ಆಗ್ತದ. ಮುಂಜಾನೆ ಆದ್ರ ಜರಾ ಹೊತ್ತು ನಡೀತದ, ಮಧ್ಯಾಹ್ನ ಹತ್ತು ನಿಮಿಷನೂ ನಿಲ್ಲಂಗಿಲ್ಲ. ನಮ್ಮದು ಫರಸಿ ಪಾಲಿಶ್ ಘಟಕದ ಆಫೀಸು.
– ಓದುಗರು, ಶಹಾಬಾದ್

ಉತ್ತರ: ಮುಂಜಾನೆಗೂ ಮಧ್ಯಾಹ್ನಕ್ಕೂ ಫರಕು ಇದೆ ಅಂದರೆ ಇದು ಶಾಖದ ಸಮಸ್ಯೆ. ನಮ್ಮ ಕಡೆಯ ಬೇಸಿಗೆ 40 ಡಿಗ್ರಿ ದಾಟಿದಾಗ ಕೋಣೆಯ ಗಾಳಿಯೇ ಬಿಸಿ, ಜೊತೆಗೆ ಕಲ್ಲಿನ ಹಿಟ್ಟು ಫ್ಯಾನಿನ ಕೆಳಗೆ ಹೀಟ್‌ಸಿಂಕ್‌ನ ಸಂದುಗಳಲ್ಲಿ ಕಂಬಳಿಯಂತೆ ಕೂತಿರುತ್ತದೆ. ಮೇಲಿಂದ ನೋಡಿದರೆ ಕಾಣದು, ಫ್ಯಾನ್ ಬಿಚ್ಚಿದರೆ ಕಾಣುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿಟ್ಟುಕೊಳ್ಳಿ. ಒಣಗಿ ಸುಣ್ಣದಂತಾದ ಹಳೇ ಥರ್ಮಲ್ ಪೇಸ್ಟ್ ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ಹಾಕಿ. ಇಂಟೆಲ್ ಕೂಲರ್ ಆಗಿದ್ದರೆ ನಾಲ್ಕೂ ಪ್ಲಾಸ್ಟಿಕ್ ಮೊಳೆ ಬೋರ್ಡಿನ ಆಚೆ ಬದಿಗೆ ಹೊರಬಂದಿವೆಯೇ ನೋಡಿ. ಒಂದು ಕೂರದಿದ್ದರೂ ಒಂದು ಮೂಲೆ ಎದ್ದು ಪ್ರೊಸೆಸರ್ ಕಾಯುತ್ತದೆ.

ಆಮೇಲೆ ಬಯಾಸ್‌ನ ಹಾರ್ಡ್‌ವೇರ್ ಮಾನಿಟರ್ ಪುಟವನ್ನು ಹದಿನೈದು ನಿಮಿಷ ತೆರೆದಿಡಿ. ಕೆಲಸವಿಲ್ಲದೆಯೇ 70 ಡಿಗ್ರಿ ದಾಟಿದರೆ ಕೂಲರ್ ಇನ್ನೂ ಸರಿಯಾಗಿ ಕೂತಿಲ್ಲ. ಅಲ್ಲೇ 12 ವೋಲ್ಟ್ ಸಾಲು 11.4ರಿಂದ 12.6ರ ಒಳಗೆ, 5 ವೋಲ್ಟ್ ಸಾಲು 4.75ರಿಂದ 5.25ರ ಒಳಗೆ ಇರಬೇಕು. ಹೊರಗಿದ್ದರೆ ಮಲ್ಟಿಮೀಟರಿನಿಂದ ಖಾತ್ರಿ ಮಾಡಿಕೊಂಡು ಎಸ್‌ಎಂಪಿಎಸ್ (ಪವರ್ ಸಪ್ಲೈ ಡಬ್ಬಿ) ಬದಲಿಸಿ, ಅದನ್ನು ಬಿಚ್ಚಿ ರಿಪೇರಿಗೆ ಕೂರಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್ ಶಾಕ್ ಹೊಡೆಯುತ್ತದೆ. ಪ್ರೊಸೆಸರ್ ಸುತ್ತಲಿನ ಕೆಪಾಸಿಟರ್‌ಗಳ ತಲೆ ಚಪ್ಪಟೆ ಇರಬೇಕು. ಉಬ್ಬಿದ್ದರೆ, ಕಂದು ಬಣ್ಣ ಸೋರಿದ್ದರೆ ಬೋರ್ಡ್ ರಿಪೇರಿಯವರ ಹತ್ತಿರ ಒಯ್ಯಿರಿ. ಯಾವ ಓಎಸ್ ಹಾಕಿದರೂ ಅದು ನಿಲ್ಲುವುದಿಲ್ಲ.

ಇವೆಲ್ಲ ಸರಿಯಾದ ಮೇಲೆ ಇನ್‌ಸ್ಟಾಲನ್ನು ಮುಂಜಾನೆಯೇ ಇಟ್ಟುಕೊಳ್ಳಿ. ಅರ್ಧಕ್ಕೆ ನಿಂತ ಹಳೇ ಪಾರ್ಟಿಷನ್ ಮೇಲೆ ಮುಂದುವರಿಸಬೇಡಿ, ಅದನ್ನು ಅಳಿಸಿ ಮೊದಲಿಂದ ಶುರು ಮಾಡಿ. ಯುಪಿಎಸ್ ಇದ್ದರೆ ಸಿಸ್ಟಂ ನಡೆಯುತ್ತಿರುವಾಗ ಯುಪಿಎಸ್‌ನ ಪ್ಲಗ್ ಕಿತ್ತು ಪರೀಕ್ಷೆ ಮಾಡುವುದನ್ನು ಹಿಂದಿನ ದಿನವೇ ಮುಗಿಸಿ: ಐದು ನಿಮಿಷವೂ ತಡೆಯದಿದ್ದರೆ ಒಳಗಿನ ಬ್ಯಾಟರಿ ಹೋಗಿದೆ. ಹಳೇ ಬ್ಯಾಟರಿ ಮೇಲಿನ ಗುರುತು ನೋಡಿ ಅದೇ ಅಳತೆಯದು ತನ್ನಿ, ಸಣ್ಣ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್-ಅವರ್ ಇರುತ್ತದೆ.