5 ಸಾವಿರದ ಆಟ 12 ಗಂಟೆಗೆ ಮುಗಿದರೆ ನಷ್ಟವಾ?

ಹಾಸನದ ಬಸ್ ನಿಲ್ದಾಣದ ಹತ್ತಿರ ಒಂದು ಪುಟ್ಟ ಗೇಮ್ ಪಾರ್ಲರ್ ಇತ್ತು. ಗಂಟೆಗೆ 20 ರೂಪಾಯಿ ಕೊಟ್ಟು ಅಲ್ಲಿ ಪಿಎಸ್2, ಅಂದರೆ ಟಿವಿಗೆ ಜೋಡಿಸಿ ವಿಡಿಯೋ ಗೇಮ್ ಆಡುವ ಸೋನಿಯ ಪ್ಲೇಸ್ಟೇಷನ್ 2, ಆಡುತ್ತಿದ್ದೆವು. ಅವತ್ತು ಹತ್ತಿದ ಹುಚ್ಚು ಇನ್ನೂ ಇಳಿದಿಲ್ಲ. ಈ ಸಲದ ಪತ್ರಗಳೆಲ್ಲ ದುಡ್ಡಿನ ಬಗ್ಗೆಯೇ ಇವೆ.

ಪ್ರಶ್ನೆ: ಪಿಎಸ್5ನ ದೊಡ್ಡ ಆಟ ಅಂದರೆ 4,999 ರೂಪಾಯಿ. ಕೆಲವು 12 ಗಂಟೆಗೇ ಮುಗಿದುಹೋಗುತ್ತವೆ. ಅದೇ ದುಡ್ಡಿಗೆ 100 ಗಂಟೆಯ ಆಟ ಸಿಗುವಾಗ ಚಿಕ್ಕದನ್ನು ಯಾಕೆ ಕೊಳ್ಳಬೇಕು? (ಸಕಲೇಶಪುರದಿಂದ)

ಗಂಟೆಗೆ ಇಷ್ಟು ಅನ್ನುವ ಲೆಕ್ಕ ಪಾರ್ಲರ್‌ಗೆ ಸರಿ. ಅಲ್ಲಿ ನಾವು ಕೊಳ್ಳುತ್ತಿದ್ದದ್ದೇ ಗಂಟೆಯನ್ನು. ಮನೆಗೆ ತಂದ ಆಟಕ್ಕೆ ಆ ಲೆಕ್ಕ ಹೊಂದುವುದಿಲ್ಲ.

ಈಗಿನ ಎಷ್ಟೋ 100 ಗಂಟೆಯ ಆಟಗಳನ್ನು ನೋಡಿ. ಮ್ಯಾಪ್ ತೆರೆದರೆ ನೂರಾರು ಗುರುತು. ಒಂದು ಗೋಪುರ ಹತ್ತು, ಒಂದು ಶಿಬಿರ ಹೊಡಿ, ಹತ್ತು ಗಿಡಮೂಲಿಕೆ ಕೀಳು, ಆಮೇಲೆ ಇನ್ನೊಂದು ಗೋಪುರ. 20 ಗಂಟೆಯ ಸಾರಿಗೆ ನೀರು ಸುರಿದು 100 ಗಂಟೆ ಬಡಿಸುತ್ತಾರೆ. ಉದ್ದದ ಆಟವೆಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. 2015ರ ದಿ ವಿಚರ್ 3ರಲ್ಲಿ ಊರಿನ ಒಂದು ಸಣ್ಣ ಕೆಲಸಕ್ಕೂ ಅದರದ್ದೇ ಕಥೆ ಇದೆ. ಆದರೆ ಅಂಥವು ಕಡಿಮೆ.

ಚಿಕ್ಕದಕ್ಕೆ ಉದಾಹರಣೆ ಆಸ್ಟ್ರೋ ಬಾಟ್. 2024ರಲ್ಲಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟ ಅನ್ನುವ ಪ್ರಶಸ್ತಿ ಪಡೆದದ್ದು. ಒಂದು ಹಂತದಲ್ಲಿ ನೀವು ಇಲಿಯಷ್ಟು ಚಿಕ್ಕವರಾಗಿ ಬಿರುಕುಗಳಲ್ಲಿ ನುಸುಳುತ್ತೀರಿ, ಇನ್ನೊಂದರಲ್ಲಿ ಕೈಗೆ ಕಪ್ಪೆಯ ಗ್ಲೌಸ್ ಬರುತ್ತೆ, ಅದರಿಂದ ಗುದ್ದುವುದು, ಜೋತಾಡುವುದು, ಇನ್ನೇನು ಅಭ್ಯಾಸ ಆಯಿತು ಅನ್ನುವಷ್ಟರಲ್ಲಿ ಅದನ್ನೂ ಕಿತ್ತುಕೊಂಡು ಹೊಸದೇನೋ ಕೊಡುತ್ತಾರೆ. ಬೇಜಾರಾಗಲು ಸಮಯವೇ ಇಲ್ಲ. ಮುಗಿದಾಗ ಮತ್ತೆ ಮೊದಲಿಂದ ಶುರು ಮಾಡಿದೆ.

ಇನ್ನು ಬೆಲೆ ಜಾಸ್ತಿ ಇದ್ದರೆ ಕೆಲಸವೂ ಜಾಸ್ತಿ ಇರುತ್ತೆ ಅನ್ನುವುದೂ ಸುಳ್ಳು. ಅಮೆರಿಕದಲ್ಲಿ ಪಿಎಸ್2 ಕಾಲಕ್ಕೆ 50 ಡಾಲರ್ ಇದ್ದ ಆಟ ಆಮೇಲೆ 60 ಆಯಿತು, 2020ರಿಂದ 70. 2025ರಲ್ಲಿ ಮಾರಿಯೋ ಕಾರ್ಟ್ ವರ್ಲ್ಡ್ 80 ಡಾಲರ್‌ಗೆ ಬಂತು. ಅದೇ ವರ್ಷ ಆಸ್ಟ್ರೇಲಿಯಾದ ಒಂದು ಪುಟ್ಟ ತಂಡ ಹಾಲೋ ನೈಟ್ ಸಿಲ್ಕ್‌ಸಾಂಗ್ ಅನ್ನು 20 ಡಾಲರ್‌ಗೆ ಕೊಟ್ಟಿತು. ಕೊಳ್ಳುವವರ ನೂಕುನುಗ್ಗಲಿಗೆ ಮೊದಲ ದಿನ ಆನ್‌ಲೈನ್ ಅಂಗಡಿಗಳೇ ತಡವರಿಸಿದವು.

ಆ ತಂಡದ 2017ರ ಮೊದಲ ಹಾಲೋ ನೈಟ್ ಇನ್ನೂ ಅಗ್ಗ. ಅದರಲ್ಲಿ ಹೊಸ ಜಾಗಕ್ಕೆ ಕಾಲಿಟ್ಟಾಗ ನಿಮ್ಮ ಹತ್ತಿರ ಮ್ಯಾಪೇ ಇರುವುದಿಲ್ಲ. ಅಲ್ಲಲ್ಲಿ ಬಿದ್ದ ಕಾಗದದ ಚೂರು ಕಾಣುತ್ತೆ, ದೂರದಲ್ಲಿ ಯಾರೋ ಗುನುಗುವ ದನಿ ಕೇಳುತ್ತೆ, ಅದನ್ನೇ ಹಿಡಿದು ಹೋದರೆ ಮ್ಯಾಪ್ ಮಾರುವವನು ಕೂತಿರುತ್ತಾನೆ. ಅವನಿಂದ ಕೊಂಡ ಮ್ಯಾಪ್ ಕೂಡ ಪೂರ್ತಿ ಇರುವುದಿಲ್ಲ, ಉಳಿದದ್ದು ನೀವು ನಡೆದಷ್ಟೇ ತುಂಬುತ್ತೆ. ನೀವು ಸಕಲೇಶಪುರದವರು. ಮಂಜಿನಲ್ಲಿ ಗೊತ್ತಿಲ್ಲದ ಕಾಫಿ ತೋಟದೊಳಗೆ ದಾರಿ ಹುಡುಕಿದ್ದರೆ ಆ ಪುಕುಪುಕು ನಿಮಗೆ ಗೊತ್ತಿರುತ್ತೆ. ವರ್ಷಗಳಾದರೂ ಹಾಲೋ ನೈಟ್‌ನ ದಾರಿಗಳು ನನಗೆ ಬಾಯಿಪಾಠ. 100 ಗಂಟೆ ಆಡಿದ ಎಷ್ಟೋ ಆಟಗಳ ಒಂದು ಊರೂ ನೆನಪಿಲ್ಲ.

ಪ್ರಶ್ನೆ: ಡಿಸ್ಕ್ ಹಾಕಲು ಜಾಗವೇ ಇಲ್ಲದ ಪಿಎಸ್5 ತಗೊಂಡರೆ ಸ್ವಲ್ಪ ದುಡ್ಡು ಉಳಿಯುತ್ತೆ. ತಗೊಳ್ಳಲಾ? ನಮ್ಮದು ಕೊಪ್ಪದ ಕಡೆ ತೋಟದ ಮನೆ. (ಚಿಕ್ಕಮಗಳೂರು ಜಿಲ್ಲೆಯಿಂದ)

ಬೇಡ. ಡಿಸ್ಕ್ ಇರುವುದನ್ನೇ ತಗೊಳ್ಳಿ. 5,000ಕ್ಕೆ ಕೊಂಡ ಆಟವನ್ನು ತಿಂಗಳೊಳಗೆ ಮುಗಿಸಿ ನಾನು 3,000ಕ್ಕೆ ಮಾರಿದ್ದೇನೆ, ಗೆಳೆಯರ ಜೊತೆ ಅದಲು ಬದಲು ಮಾಡಿಕೊಂಡದ್ದೂ ಇದೆ. ಕೆಲವು ಆಟಕ್ಕೇ ನೀವು ಜಾಸ್ತಿ ಕೊಟ್ಟ ದುಡ್ಡು ವಾಪಸ್ ಬರುತ್ತೆ. ಡೌನ್‌ಲೋಡ್ ಮಾಡಿದ ಆಟವನ್ನು ಯಾರಿಗೂ ಮಾರುವಂತಿಲ್ಲ. ಮೇಲಾಗಿ ಮಳೆಗಾಲದಲ್ಲಿ ನಿಮ್ಮ ಕಡೆ ನೆಟ್ ಹೋದರೆ 100 ಜಿಬಿಯ ಆಟ ಇಳಿಸುವುದು ಎಷ್ಟು ದಿನದ ಮಾತು? ಒಂದು ಒಳ್ಳೆಯ ಯುಪಿಎಸ್ ಕೂಡ ಹಾಕಿಸಿ.

ಒಂದು ಎಚ್ಚರಿಕೆ. ಡಿಸ್ಕ್ ಕೈಯಲ್ಲಿದ್ದರೂ ಆಟ ನಿಮ್ಮದೇ ಅಂತ ಹೇಳಲಾಗುವುದಿಲ್ಲ. 2014ರ ದಿ ಕ್ರ್ಯೂ ಅನ್ನುವ ಕಾರ್ ರೇಸಿನ ಆಟವನ್ನು ಒಬ್ಬರೇ ಆಡುವಾಗಲೂ ನೆಟ್ ಮೂಲಕ ಕಂಪನಿಯ ಸರ್ವರ್ ಬೇಕಿತ್ತು. 2024ರ ಮಾರ್ಚ್ 31ಕ್ಕೆ ಅದರ ಕಂಪನಿ ಯುಬಿಸಾಫ್ಟ್ ಆ ಸರ್ವರ್ ನಿಲ್ಲಿಸಿತು. ದುಡ್ಡು ಕೊಟ್ಟು ಕೊಂಡವರ ಡಿಸ್ಕ್ ಬರೀ ಪ್ಲಾಸ್ಟಿಕ್ ಆಯಿತು. ಇದು ತಪ್ಪು. ಕೊಂಡವರಿಗೆ ಒಬ್ಬರೇ ಆಡುವಷ್ಟಾದರೂ ಉಳಿಸಿಕೊಡಬೇಕಿತ್ತು.

ಪ್ರಶ್ನೆ: ಹೊಸ ಆಟ ಮುಂಗಡ ಬುಕ್ ಮಾಡಬಹುದಾ? (ಬೇಲೂರಿನಿಂದ)

ಮಾಡಬೇಡಿ. 2020ರ ಡಿಸೆಂಬರಿನಲ್ಲಿ ಸೈಬರ್‌ಪಂಕ್ 2077 ಬಂದಾಗ ಪಿಎಸ್4ನಂಥ ಹಳೇ ಕನ್ಸೋಲ್‌ಗಳಲ್ಲಿ ಎಷ್ಟು ಕೆಟ್ಟದಾಗಿತ್ತು ಅಂದರೆ ಸೋನಿ ಒಂದೇ ವಾರಕ್ಕೆ ಅದನ್ನು ತನ್ನ ಅಂಗಡಿಯಿಂದಲೇ ತೆಗೆದುಹಾಕಿತು. ಈಗ ಅದು ಚೆನ್ನಾಗಿದೆ, ಸೇಲ್‌ನಲ್ಲಿ ಅಗ್ಗವಾಗಿಯೂ ಸಿಗುತ್ತೆ. ಕಾದವರಿಗೇ ಒಳ್ಳೆಯ ಆಟ ಸಿಕ್ಕಿತು.

ಪ್ರಶ್ನೆ: ಮಗನಿಗೆ 12 ವರ್ಷ. ಪುಕ್ಕಟೆ ಆಟ ಅಂತಾನೆ, ಆದರೆ ವಾರ ವಾರ ಅದರೊಳಗೆ ಏನೋ ಕೊಳ್ಳಲು ದುಡ್ಡು ಕೇಳುತ್ತಾನೆ. ಏನು ಮಾಡಲಿ? (ಅರಸೀಕೆರೆಯ ತಾಯಿ)

ಅವನನ್ನು ಬೈಯಬೇಡಿ ಅಮ್ಮ. ಆ ಆಟಗಳನ್ನು ಕಟ್ಟಿರುವುದೇ ಹಾಗೆ. ಒಳಗೆ ಏನಿದೆ ಅಂತ ಗೊತ್ತಿಲ್ಲದೆ ದುಡ್ಡು ಕೊಟ್ಟು ತೆರೆಯುವ ಅದೃಷ್ಟದ ಪೆಟ್ಟಿಗೆ ಮಾರುವ ಪದ್ಧತಿಯನ್ನು ಬೆಲ್ಜಿಯಂ 2018ರಲ್ಲೇ ಜೂಜು ಅಂತ ಕರೆದು ತಡೆಯಿತು. ಅವನು ಆಡುವುದು ಪ್ಲೇಸ್ಟೇಷನ್‌ನಲ್ಲಾದರೆ ಅಲ್ಲಿ ಅವನಿಗೆ ಮಗುವಿನ ಖಾತೆ ಮಾಡಿ, ತಿಂಗಳ ಖರ್ಚಿನ ಮಿತಿ ಸೊನ್ನೆಗೆ ಇಡಿ. ನಿಮ್ಮ ಕಾರ್ಡಿನ ವಿವರ ಅದರಲ್ಲಿ ಉಳಿಸಬೇಡಿ.

ಬದಲಿಗೆ ಒಂದು ಪೂರ್ತಿ ಆಟ ಕೊಡಿಸಿ. 2021ರ ಇಟ್ ಟೇಕ್ಸ್ ಟು ನನ್ನ ಆಯ್ಕೆ. ಅದನ್ನು ಒಬ್ಬರೇ ಆಡಲು ಆಗುವುದೇ ಇಲ್ಲ, ಇಬ್ಬರು ಬೇಕೇ ಬೇಕು. ದೂರದ ಗೆಳೆಯನಾದರೆ ಅವನು ಬೇರೆ ಕೊಳ್ಳಬೇಕಿಲ್ಲ, ಒಂದು ಪ್ರತಿ ಸಾಕು. ಕಥೆಯಲ್ಲಿ ಅಪ್ಪ ಅಮ್ಮ ಜಗಳವಾಡಿ ಬೇರೆಯಾಗಲು ಹೊರಟಿರುತ್ತಾರೆ, ಹಾಗಾಗಿ ಮೊದಲ ಸಲ ನೀವೇ ಜೊತೆಗೆ ಕೂರುವುದು ಒಳ್ಳೆಯದು. ಎರಡನೇ ಕಂಟ್ರೋಲರ್ ಬೇಕಾಗುತ್ತೆ. ಆಡಲು ಬರುವುದಿಲ್ಲ ಅಂತ ಹೆದರಬೇಡಿ, ಅವನು ಹೇಳಿಕೊಡುತ್ತಾನೆ.