ಒಂದು ಊರಿನ ಜನರನ್ನು ಸಾಮಾನ್ಯವಾಗಿ ಕಾಡುವ ಆರೋಗ್ಯ ಸಮಸ್ಯೆಗಳು ಯಾವುವು?

ಊರು ಯಾವುದೇ ಇರಲಿ, ಮೊದಲು ನೋಡಬೇಕಾದ್ದು ನೀರು. ಕುಡಿಯುವ ನೀರಿನ ಪೈಪು ಚರಂಡಿ ಪಕ್ಕ ಹಾದುಹೋಗಿ ಎಲ್ಲೋ ಒಡೆದಿದ್ದರೆ ಸಾಕು, ವಾಂತಿ-ಭೇದಿ, ಟೈಫಾಯಿಡ್, ಕಾಮಾಲೆ ಶುರುವಾಗಬಹುದು. ನೀರು ಬಿಡುವುದು ನಿಂತಾಗ ಪೈಪಿನೊಳಗೆ ಒತ್ತಡ ಇಳಿಯುತ್ತದೆ, ಆಗ ಹೊರಗಿನ ಕೊಳಕು ಒಳಗೆ ಸೇರುತ್ತದೆ. ತಿಳಿಯಾಗಿ ಕಂಡರೂ ಸುಮ್ನೆ ನಂಬಬೇಡಿ, ಅನುಮಾನ ಇದ್ದರೆ ಕುದಿಸಿ. 1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಹರಡಿದಾಗ ಜಾನ್ ಸ್ನೋ ಎಂಬ ವೈದ್ಯರು, ಸತ್ತವರಲ್ಲಿ ಹೆಚ್ಚಿನವರು ಒಂದೇ ಪಂಪಿನ ಸುತ್ತಮುತ್ತ ಇದ್ದವರು ಎಂದು ತೋರಿಸಿದರು. ಈಗಲೂ ತನಿಖೆಯ ದಾರಿ ಹೆಚ್ಚುಕಡಿಮೆ ಅದೇ.

ಆಮೇಲೆ ಸೊಳ್ಳೆ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಹಗಲಲ್ಲೇ ಜಾಸ್ತಿ ಕಚ್ಚುತ್ತದೆ. ಅದಕ್ಕೆ ಚರಂಡಿಗಿಂತ ಮನೆಯ ತಿಳಿನೀರೇ ಇಷ್ಟ: ಡ್ರಮ್ಮು, ಹಳೇ ಟೈರು, ಹೂಕುಂಡದ ತಟ್ಟೆ. ಮೊಟ್ಟೆಗಳು ಪಾತ್ರೆಯ ಒಳಗೋಡೆಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ. ಹಾಗಾಗಿ ನೀರು ಚೆಲ್ಲಿದರೆ ಸಾಲದು, ವಾರಕ್ಕೊಮ್ಮೆ ಉಜ್ಜಿ ತೊಳೆಯಬೇಕು. ಬೀದಿಯಲ್ಲಿ ಹೊಗೆ ಹೊಡೆದರೆ ಏನೋ ಕೆಲಸ ಆಯಿತು ಅನ್ನಿಸುತ್ತದೆ, ಅಲ್ವಾ? ಆದರೆ ಅದರಿಂದ ಹಾರುವ ಸೊಳ್ಳೆ ಸಾಯಬಹುದು, ನೀರಲ್ಲಿರುವ ಮರಿಗಳಿಗೆ ಏನೂ ಆಗುವುದಿಲ್ಲ.

ಸದ್ದಿಲ್ಲದೆ ಜಾಸ್ತಿ ಜನರನ್ನು ಕೊಲ್ಲುವುದು ಮಾತ್ರ ಬಿಪಿ, ಶುಗರ್, ತಂಬಾಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಬಿಪಿ ಇರುವ ದೊಡ್ಡವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಅದು ಇರುವುದೇ ಗೊತ್ತಿಲ್ಲ. ತಲೆನೋವು ಬಂದರೆ ನೋಡೋಣ ಎಂದು ಕಾಯುತ್ತಾರೆ, ಹೆಚ್ಚಿನವರಿಗೆ ಅದು ಬರುವುದೇ ಇಲ್ಲ. ಅಳತೆ ಮಾಡಿಸಲು ಎರಡು ನಿಮಿಷ ಸಾಕು.

ಕ್ಷಯವನ್ನೂ ಮರೆಯಬೇಡಿ. ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಿ.