ಹೊಸ ಎಟಿವಿಯೋ, ಹಳೆಯದೋ? ಮೊದಲು ಏರ್ ಫಿಲ್ಟರ್ ಬಿಚ್ಚಿ ನೋಡಿ

ಸೌದೆ, ಗೊಬ್ಬರದ ಟ್ರೈಲರ್ ಎಳೆಯೋಕೆ ಹೊಸ ಸಣ್ಣ ಎಟಿವಿ (ಹೊಲ, ಕಚ್ಚಾ ದಾರಿಯಲ್ಲಿ ಓಡೋ, ಬೈಕಿನಂಥ ಹ್ಯಾಂಡಲ್ ಇರೋ ನಾಲ್ಕು ಚಕ್ರದ ಗಾಡಿ) ತಗೊಳ್ಳಲೋ, ಅದೇ ದುಡ್ಡಿಗೆ ಬರೋ ಹಳೆಯ ದೊಡ್ಡದೋ ಅಂತ ಕೇಳಿದ್ದೀರಿ. ರಿಪೇರಿ ನಿಮ್ಮ ಕೈಲಿ ಆಗುತ್ತೆ ಅಂದ್ರೆ ಹಳೆಯದು ನೋಡಿ. ಆಗಲ್ಲ ಅಂದ್ರೆ ಹೊಸದೇ ವಾಸಿ, ವಾರಂಟಿ ಇರುತ್ತೆ. ಲೋ ಗೇರ್ ಇದ್ದರೆ ನಿಧಾನದ ಎಳೆತಕ್ಕೆ ಸಣ್ಣ ಎಂಜಿನ್ನೂ ಸಾಕಾಗಬಹುದು. ಎಷ್ಟು ತೂಕ ಎಳೆಯಬಹುದು ಅಂತ ಮ್ಯಾನುಯಲ್‌ನಲ್ಲಿ ನೋಡಿಕೊಳ್ಳಿ.

ಹಳೆಯದಾದರೆ ಕಿಲೋಮೀಟರ್ ನೋಡಿ ಖುಷಿಪಡಬೇಡಿ, ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ ಅಂತ ತೋರಿಸೋ ಗಂಟೆ ಮೀಟರನ್ನೂ ನೋಡಿ. 1,000 ಕಿಲೋಮೀಟರ್, 200 ಗಂಟೆ ಅಂದ್ರೆ ಸರಾಸರಿ ಗಂಟೆಗೆ ಬರೀ 5 ಕಿಲೋಮೀಟರ್. ನಿಂತಲ್ಲೇ, ಇಲ್ಲಾ ತೆವಳುತ್ತಾ ಓಡಿದ ಗಾಡಿ ಅದು.

ಆಮೇಲೆ ಏರ್ ಫಿಲ್ಟರ್ ತೆಗೆದು, ಅದರಿಂದ ಎಂಜಿನ್ ಕಡೆಗೆ ಹೋಗೋ ಪೈಪಿನೊಳಗೆ ಬೆರಳಾಡಿಸಿ. ನುಣ್ಣನೆ ಧೂಳು ಅಂಟಿತಾ? ಎಂಜಿನ್ ಧೂಳು ಕುಡಿದಿದೆ, ವಾಪಸ್ ಬನ್ನಿ. ಹೊರಗೆ ಎಷ್ಟು ಪಾಲಿಶ್ ಹೊಡೆದಿದ್ದರೂ ಅಷ್ಟೇ. ಎಂಜಿನ್ ಆಯಿಲ್, ಡಿಫರೆನ್ಷಿಯಲ್ (ಎಡ, ಬಲ ಚಕ್ರಕ್ಕೆ ಶಕ್ತಿ ಹಂಚೋ ಗೇರುಗಳ ಪೆಟ್ಟಿಗೆ) ಆಯಿಲ್ ಹಾಲು ಬೆರೆತ ಕಾಫಿ ಹಾಗೆ ಕಂಡರೆ ನೀರು ಸೇರಿದೆ ಅಂತ ಲೆಕ್ಕ.

ನೀವು ಹೋಗೋ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂತ ಮಾರುವವರಿಗೆ ಹೇಳಿಡಿ. ಎಂಜಿನ್ ಮುಟ್ಟಿದಾಗ ಆಗಲೇ ಬೆಚ್ಚಗಿದ್ದರೆ ಅನುಮಾನ ಪಡಿ, ತಣ್ಣಗಿದ್ದಾಗ ಸ್ಟಾರ್ಟ್ ಆಗದ ತೊಂದರೆ ಮುಚ್ಚಿಟ್ಟಿರಬಹುದು. ಮುಂದಿನ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಲಟಲಟ ಅಂದ್ರೆ ಬಾಲ್ ಜಾಯಿಂಟೋ (ಚಕ್ರ ತಿರುಗಿಸೋಕೆ, ಮೇಲೆ ಕೆಳಗೆ ಆಡೋಕೆ ಬಿಡೋ ಗುಂಡು ಕೀಲು) ಬೇರಿಂಗೋ ಸವೆದಿದೆ. ಇದು ರಿಪೇರಿ ಆಗುತ್ತೆ, ರೇಟು ಇಳಿಸಿ ಕೇಳಿ. ಫ್ರೇಮ್ ಬಿರುಕು ಬಿಟ್ಟಿದ್ದರೆ ಮಾತ್ರ ಚೌಕಾಸಿಗೂ ನಿಲ್ಲಬೇಡಿ.